ಎದೆಬಡಿತ ಎಣಿಸಿದವರು



2021ರ ಏಪ್ರಿಲ್-ಮೇ ತಿಂಗಳನ್ನು ನೀವ್ಯಾರೂ ಮರೆತಿರಲಾರಿರಿ. ಬಟ್ಟೆ ಒಣಗಿಸುವ ಕ್ಲಿಪ್ಪಿನಂಥ ಪುಟ್ಟ ಆಕ್ಸಿಮೀಟರ್ ಆಗ ಎಷ್ಟೋ ಮನೆಗಳಿಗೆ ಬಂತು. ಡೊಂಬಿವಿಲಿಯಲ್ಲೋ ಪಿಂಪ್ರಿಯಲ್ಲೋ ಇದ್ದ ಮಗ, ಹುಬ್ಬಳ್ಳಿಯಲ್ಲಿದ್ದ ಅಪ್ಪನಿಗೆ ದಿನಕ್ಕೆ ಮೂರು ಸಲ ಫೋನ್ ಹಚ್ಚಿ "ಎಷ್ಟು ತೋರಸಾಕತ್ತೈತ್ರಿ ಅಪ್ಪಾ?" ಎಂದು ಕೇಳುತ್ತಿದ್ದ. ಮೇಲಿನ ಅಂಕಿ 94ಕ್ಕಿಂತ ಕೆಳಗಿಳಿಯಬಾರದು ಎಂಬುದು ಮಕ್ಕಳಿಗೂ ಬಾಯಿಪಾಠವಾಗಿತ್ತು. ಅದರ ಕೆಳಗೆ ಇನ್ನೊಂದು ಅಂಕಿ ಇರುತ್ತಿತ್ತು. ಒಮ್ಮೆ 78, ಒಮ್ಮೆ 91, ಮೆಟ್ಟಿಲು ಹತ್ತಿ ಬಂದರೆ 115. ಅದನ್ನು ಹೆಚ್ಚಿನವರು ಕೇಳಲೂ ಇಲ್ಲ, ಹೇಳಲೂ ಇಲ್ಲ.

ಅದು ಎದೆಬಡಿತದ ಲೆಕ್ಕ. ಆಕ್ಸಿಮೀಟರ್ ಈಗ ಡ್ರಾಯರಿನ ಮೂಲೆ ಸೇರಿದೆ. ಆದರೆ ಆ ಕೆಳಗಿನ ಅಂಕಿ ಮಾತ್ರ ನಮ್ಮ ಮಣಿಕಟ್ಟಿಗೆ ಏರಿ ಕೂತಿದೆ. ಮುಂಬೈ ಮ್ಯಾರಥಾನ್ 2004ರಲ್ಲಿ, ದೆಹಲಿಯ ಹಾಫ್ ಮ್ಯಾರಥಾನ್ 2005ರಲ್ಲಿ ಶುರುವಾದವು. ಅಲ್ಲಿಂದೀಚೆಗೆ ಬೆಳಗಿನ ಜಾವ ಓಡುವ ನಮ್ಮ ಹುಡುಗ-ಹುಡುಗಿಯರು ಕಾಲ ನೋಡುವುದಕ್ಕಿಂತ ಹೆಚ್ಚಾಗಿ ಬಡಿತ ನೋಡಲು ಗಡಿಯಾರ ಕಟ್ಟುತ್ತಾರೆ. ನಿವೃತ್ತರಾದ ಹಿರಿಯರಿಗೆ ಮಕ್ಕಳು ಹುಟ್ಟುಹಬ್ಬಕ್ಕೆ ಕೊಡಿಸುವುದೂ ಅದನ್ನೇ. ಆಮೇಲೆ ಶುರುವಾಗುತ್ತದೆ ಪೇಚಾಟ. ರಾತ್ರಿ 48 ತೋರಿಸಿತು, ಏನಾದರೂ ಆಗಿದೆಯೇ? ಓಡುವಾಗ 185 ಬಂತು, ನಿಲ್ಲಬೇಕೇ? ಇನ್ನು ಕೆಲವರದು ಉಲ್ಟಾ ಕಥೆ: ಎದೆ ಹಿಂಡಿದಂತಾಗುತ್ತಿದ್ದರೂ "72 ತೋರಿಸ್ತಿದೆಯಲ್ಲ, ಏನೂ ಇಲ್ಲ ಬಿಡು" ಎಂದು ಮಲಗಿಬಿಡುವುದು. ಮೊದಲನೆಯದಕ್ಕಿಂತ ಇದು ಅಪಾಯ.

ಈ ಅಂಕಿ ಎಲ್ಲಿಂದ ಬಂತು, ಅದನ್ನು ಯಾರು ಯಾತಕ್ಕೆ ಎಣಿಸಿದರು ಎಂಬುದನ್ನು ತಿಳಿದರೆ ಅದನ್ನು ಓದುವುದು ಸುಲಭವಾದೀತು. ಹಾಗಾಗಿ ಈ ಸಲ ಸ್ವಲ್ಪ ಇತಿಹಾಸ.

ನಮ್ಮಲ್ಲಿ ನಾಡಿ ಹಿಡಿಯುವುದು ಹಳೆಯ ವಿದ್ಯೆ. ಆದರೆ ಜನ ತಿಳಿದಷ್ಟು ಹಳೆಯದಲ್ಲ. ಚರಕ, ಸುಶ್ರುತರ ಗ್ರಂಥಗಳಲ್ಲಿ ನಾಡಿಪರೀಕ್ಷೆ ಇಂದಿನ ರೂಪದಲ್ಲಿ ಇಲ್ಲ. ಅದು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಶಾರ್ಙ್ಗಧರ ಸಂಹಿತೆಯಲ್ಲಿ, ಅಂದರೆ ಮಧ್ಯಯುಗದಲ್ಲಿ. ಅಲ್ಲಿ ವಾತದ ನಾಡಿ ಹಾವಿನ ಹಾಗೆ ಹರಿಯುತ್ತದೆ, ಪಿತ್ತದ ನಾಡಿ ಕಪ್ಪೆಯ ಹಾಗೆ ಜಿಗಿಯುತ್ತದೆ, ಕಫದ ನಾಡಿ ಹಂಸದ ಹಾಗೆ ನಿಧಾನಕ್ಕೆ ನಡೆಯುತ್ತದೆ. ಗಮನಿಸಿ: ಇಲ್ಲಿ ನೋಡುತ್ತಿರುವುದು ನಡಿಗೆಯನ್ನು, ಸಂಖ್ಯೆಯನ್ನಲ್ಲ. ಪಂಡಿತರ ಮೂರು ಬೆರಳಿಗೆ ಗೊತ್ತಾಗುತ್ತಿದ್ದುದು ಬಡಿತ ಹೇಗಿದೆ ಎಂಬುದು. ಎಷ್ಟಿದೆ ಎಂಬ ಪ್ರಶ್ನೆ ಅಲ್ಲಿ ಮುಖ್ಯವಾಗಿರಲಿಲ್ಲ.

ಕಾಲವನ್ನು ಅಳೆಯುವುದು ನಮ್ಮವರಿಗೆ ಗೊತ್ತಿರಲಿಲ್ಲವೆಂದಲ್ಲ. ತಮಾಷೆಯೆಂದರೆ ಸೂರ್ಯಸಿದ್ಧಾಂತದಲ್ಲಿ ದಿನದ ಅರವತ್ತನೆಯ ಒಂದು ಪಾಲಿಗೆ, ಅಂದರೆ ನಮ್ಮ 24 ನಿಮಿಷಕ್ಕೆ, 'ನಾಡಿ' ಎಂದೇ ಹೆಸರು. ಅದರ ಅರವತ್ತನೆಯ ಪಾಲು ವಿನಾಡಿ, ಅದರ ಆರನೆಯ ಪಾಲು ಪ್ರಾಣ. ಒಂದು ಪ್ರಾಣವೆಂದರೆ 4 ಸೆಕೆಂಡು, ಒಂದು ಉಸಿರಿನ ಕಾಲ. ಹೀಗೆ ಉಸಿರಿನಿಂದ ಆಕಾಶವನ್ನೇ ಅಳೆದವರು ಮಣಿಕಟ್ಟಿನ ನಾಡಿಯನ್ನು ಗಳಿಗೆ ಬಟ್ಟಲಿನ ಪಕ್ಕ ಇಟ್ಟು ಎಣಿಸುವ ಪರಿಪಾಠ ಬೆಳೆಸಲಿಲ್ಲ. ಅತ್ತ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕ್ರಿಸ್ತಪೂರ್ವ 300ರ ಸುಮಾರಿಗೆ ಹೆರೋಫಿಲಸ್ ಎಂಬ ಗ್ರೀಕ್ ವೈದ್ಯ ನೀರಿನ ಗಡಿಯಾರ ಇಟ್ಟುಕೊಂಡು ರೋಗಿಯ ನಾಡಿ ನೋಡಿದನೆಂದು ಹೇಳುತ್ತಾರೆ. ಅವನ ಆ ರೂಢಿಯೂ ಮುಂದುವರಿಯಲಿಲ್ಲ. ನಾಡಿಯ ಮೇಲೆ ಪುಸ್ತಕದ ಮೇಲೆ ಪುಸ್ತಕ ಬರೆದ ಗೇಲನ್ ಕೂಡ ಎಣಿಸುವ ಗೋಜಿಗೆ ಹೋಗಲಿಲ್ಲ.

ಎಣಿಕೆಯ ಕಥೆ ಮತ್ತೆ ಶುರುವಾಗುವುದು ಇಟಲಿಯಲ್ಲಿ. ಪೀಸಾದ ಚರ್ಚಿನಲ್ಲಿ ತೂಗಾಡುತ್ತಿದ್ದ ದೀಪವನ್ನು ಗೆಲಿಲಿಯೋ ತನ್ನ ನಾಡಿ ಹಿಡಿದು ಅಳೆದನೆಂಬ ಕಥೆ ಶಾಲೆಯಲ್ಲಿ ಓದಿದ್ದೇವೆ. ಅದನ್ನು ಬರೆದವನು ಅವನ ಶಿಷ್ಯ ವಿವಿಯಾನಿ. ಇತಿಹಾಸಕಾರರು ಅದನ್ನು ಪೂರ್ತಿ ನಂಬುವುದಿಲ್ಲ. ಇರಲಿ. ನಾಡಿಯಿಂದ ಲೋಲಕವನ್ನು ಅಳೆಯಬಹುದಾದರೆ ಲೋಲಕದಿಂದ ನಾಡಿಯನ್ನೂ ಅಳೆಯಬಹುದಲ್ಲ? ಅದನ್ನು ಮಾಡಿದವನು ಪಡುವಾ, ವೆನಿಸ್ ಕಡೆಯ ವೈದ್ಯ ಸಾಂಟೋರಿಯೋ, 1600ರ ಆಸುಪಾಸಿನಲ್ಲಿ. ಮೂವತ್ತು ವರ್ಷ ತಕ್ಕಡಿಗೆ ಕಟ್ಟಿದ ಕುರ್ಚಿಯಲ್ಲಿ ಕೂತು, ತಿಂದದ್ದೆಷ್ಟು, ವಿಸರ್ಜಿಸಿದ್ದೆಷ್ಟು ಎಂದು ತೂಗಿ ನೋಡಿದ ಮಹಾಶಯ ಇವನೇ. ಅವನ ನಾಡಿಮಾಪಕ ಬಹಳ ಸರಳ: ಒಂದು ದಾರ, ತುದಿಗೊಂದು ಗುಂಡು. ರೋಗಿಯ ನಾಡಿ ಹಿಡಿದು, ಗುಂಡು ತೂಗುವುದು ನಾಡಿಗೆ ಸರಿಹೊಂದುವ ತನಕ ದಾರವನ್ನು ಉದ್ದ-ಗಿಡ್ಡ ಮಾಡುವುದು. ಸರಿಹೊಂದಿದಾಗ ದಾರದ ಉದ್ದ ಬರೆದುಕೊಳ್ಳುವುದು.

ಅಂದರೆ ಪ್ರಪಂಚದ ಮೊದಲ ಎದೆಬಡಿತದ ಮೀಟರು ತೋರಿಸುತ್ತಿದ್ದುದು ನಿಮಿಷಕ್ಕೆ ಎಷ್ಟು ಎಂದಲ್ಲ, ಉದ್ದ ಎಷ್ಟು ಎಂದು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಗುಂಡು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವುದಕ್ಕೆ ಒಂದು ಬಡಿತವೆಂದಿಟ್ಟುಕೊಂಡರೆ, ನಿಮಿಷಕ್ಕೆ 72 ಬಡಿತದ ನಾಡಿಗೆ ಸುಮಾರು 69 ಸೆಂಟಿಮೀಟರ್ ದಾರ ಬೇಕು. ಜ್ವರ ಬಂದು ನಾಡಿ 100ಕ್ಕೆ ಏರಿದರೆ ದಾರ 36 ಸೆಂಟಿಮೀಟರಿಗೆ ಇಳಿಯುತ್ತದೆ. "ನಿಮ್ಮ ನಾಡಿ ಈ ಹೊತ್ತು ಒಂದು ಗೇಣು ಕಡಿಮೆಯಾಗಿದೆ" ಎಂದು ಹೇಳುವ ಡಾಕ್ಟರನ್ನು ಊಹಿಸಿಕೊಳ್ಳಿ. ನಗು ಬಂದರೂ ಸಾಂಟೋರಿಯೋ ಒಂದು ವಿಷಯದಲ್ಲಿ ನಮಗಿಂತ ಜಾಣ. ಆ ಉದ್ದಕ್ಕೆ 'ನಾರ್ಮಲ್' ಎಂಬ ಹಣೆಪಟ್ಟಿ ಹಚ್ಚಿ ಊರಿನವರನ್ನೆಲ್ಲ ಅದರಿಂದ ಅಳೆಯುವುದು ಅವನ ಉದ್ದೇಶವಾಗಿರಲಿಲ್ಲ. ಅದೇ ರೋಗಿಯ ನಿನ್ನೆಯ ಉದ್ದಕ್ಕೂ ಇವತ್ತಿನ ಉದ್ದಕ್ಕೂ ಹೋಲಿಸಿ ನೋಡುವುದಷ್ಟೇ ಅವನಿಗೆ ಬೇಕಿತ್ತು.

ನಿಮಿಷದ ಲೆಕ್ಕ ತಂದವನು ಇಂಗ್ಲೆಂಡಿನ ಲಿಚ್‌ಫೀಲ್ಡ್ ಊರಿನ ಜಾನ್ ಫ್ಲಾಯರ್. ಗಡಿಯಾರಗಳಿಗೆ ನಿಮಿಷದ ಮುಳ್ಳೇ ಆಗ ತಾನೇ ಬಳಕೆಗೆ ಬರುತ್ತಿತ್ತು. ಫ್ಲಾಯರ್ ಸರಿಯಾಗಿ ಒಂದೇ ನಿಮಿಷ ಓಡುವ ವಿಶೇಷ ಗಡಿಯಾರ ಮಾಡಿಸಿಕೊಂಡು, ಅದನ್ನು ಕೈಯಲ್ಲಿ ಹಿಡಿದು ರೋಗಿಗಳ ನಾಡಿ ಎಣಿಸಿ, 1707ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದ. ವಯಸ್ಸಿಗೆ, ಊಟಕ್ಕೆ, ಹವೆಗೆ ನಾಡಿ ಹೇಗೆ ಬದಲಾಗುತ್ತದೆಂದು ಪಟ್ಟಿ ಮಾಡಿದ. ಅಲ್ಲಿಯ ತನಕ ಚೆನ್ನಾಗಿತ್ತು. ಆದರೆ ಮುಂದೆ ಅವನೊಂದು ಹೆಜ್ಜೆ ಜಾಸ್ತಿ ಇಟ್ಟ. ಅಂಕಿ ಹೆಚ್ಚಿದ್ದರೆ ದೇಹಕ್ಕೆ ತಂಪಿನ ಔಷಧಿ, ಪಥ್ಯ, ಕಡಿಮೆಯಿದ್ದರೆ ಉಷ್ಣದ್ದು, ಹೇಗಾದರೂ ಮಾಡಿ ಅಂಕಿಯನ್ನು ತಾನು ಸರಿಯೆಂದುಕೊಂಡ ಜಾಗಕ್ಕೆ ತರುವುದು. ಕಾಯಿಲೆ ಏನು ಎಂಬುದಕ್ಕಿಂತ ಅಂಕಿ ಎಷ್ಟು ಎಂಬುದೇ ದೊಡ್ಡದಾಯಿತು. ಬಡಿತವನ್ನು ಎಣಿಸಲು ಕಲಿತ ತಕ್ಷಣವೇ ಮನುಷ್ಯ ಅಂಕಿಗೆ ಮದ್ದು ಕೊಡಲು ಹೊರಟ! ಆ ಚಪಲ ಮುನ್ನೂರು ವರ್ಷವಾದರೂ ಹೋಗಿಲ್ಲ. ಫ್ಲಾಯರ್‌ನ ಮಾತನ್ನು ಅವನ ಕಾಲದ ವೈದ್ಯರು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಗಡಿಯಾರ ನೋಡಿ ನಾಡಿ ಎಣಿಸುವುದು ಆಸ್ಪತ್ರೆಗಳಲ್ಲಿ ರೂಢಿಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಆ ಶತಮಾನದ ಕೊನೆಯ ಹೊತ್ತಿಗೆ ವಿದ್ಯುತ್ತು ಬಂತು. ಹೃದಯ ಬಡಿಯುವ ಮುನ್ನ ಅದರ ಸ್ನಾಯುವಿನಲ್ಲಿ ಅತಿ ಸಣ್ಣ ವಿದ್ಯುತ್ ಅಲೆ ಹರಿಯುತ್ತದೆ. ಅದನ್ನು ಎದೆ ಸೀಳದೆ ಮೈಮೇಲಿನಿಂದಲೇ 1887ರಲ್ಲಿ ಹಿಡಿದವರು ಲಂಡನ್ನಿನ ಆಗಸ್ಟಸ್ ವಾಲರ್. ಅವರು ತಮ್ಮ ನಾಯಿ ಜಿಮ್ಮಿಯ ಪಾದಗಳನ್ನು ಉಪ್ಪುನೀರಿನಲ್ಲಿ ನಿಲ್ಲಿಸಿ ಪ್ರಯೋಗ ತೋರಿಸುತ್ತಿದ್ದರು. 1909ರಲ್ಲಿ ಇದು ನಾಯಿಗೆ ಹಿಂಸೆಯಲ್ಲವೇ ಎಂದು ಪಾರ್ಲಿಮೆಂಟಿನಲ್ಲೇ ಪ್ರಶ್ನೆ ಎದ್ದಿತು. ಕೆಲಸಕ್ಕೆ ಬರುವಂಥ ಯಂತ್ರ ಮಾಡಿದವರು ಹಾಲೆಂಡಿನ ಲೈಡನ್ನಿನಲ್ಲಿದ್ದ ವಿಲ್ಲೆಮ್ ಐಂಟ್‌ಹೋವನ್, ಹುಟ್ಟಿದ್ದು ಜಾವಾದಲ್ಲಿ. 1901ರ ಅವರ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಜಾಡಿಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. ಯಂತ್ರ ಆಸ್ಪತ್ರೆಗೆ ಬರಲಾರದು, ರೋಗಿ ಪ್ರಯೋಗಾಲಯಕ್ಕೆ ಬರಲಾರ. ಹಾಗಾಗಿ ಅವರು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿಲೋಮೀಟರ್ ದೂರದಿಂದ ಎದೆಬಡಿತ ತರಿಸಿಕೊಂಡರು. ಇಸಿಜಿ ಕಾಗದದ ಮೇಲಿನ ಪಿ, ಕ್ಯೂ, ಆರ್, ಎಸ್, ಟಿ ಎಂಬ ಅಕ್ಷರಗಳು ಇವರು ಇಟ್ಟವು. 1924ರಲ್ಲಿ ನೊಬೆಲ್ ಸಿಕ್ಕಿತು.

ಇಲ್ಲಿಂದ ಮುಂದೆ ಎದೆಬಡಿತ ಎಂಬುದು ಎರಡು ಬೇರೆ ಬೇರೆ ಸಂಗತಿಗಳಾಯಿತು. ಒಂದು, ಮಣಿಕಟ್ಟಿಗೆ ಬಂದು ತಲುಪುವ ರಕ್ತದ ತಟ್ಟು. ಇನ್ನೊಂದು, ಹೃದಯದಲ್ಲಿ ಹುಟ್ಟುವ ವಿದ್ಯುತ್ತು. ಎರಡೂ ಒಂದೇ ಅಂಕಿ ಕೊಡಬೇಕೆಂಬ ನಿಯಮವೇನಿಲ್ಲ. ಇದನ್ನು ತಿಳಿಯಲು ಒಳ್ಳೆಯ ಉದಾಹರಣೆ ನಮ್ಮ ಮೈಸೂರಿನ ನಂಟಿರುವ ಒಂದು ಪ್ರಕರಣ.

ಯೋಗಿಗಳು ಹೃದಯ ನಿಲ್ಲಿಸಬಲ್ಲರು ಎಂಬ ಮಾತು ಕೇಳಿ 1935ರಲ್ಲಿ ಫ್ರಾನ್ಸಿನ ಹೃದ್ರೋಗ ವೈದ್ಯೆ ತೆರೇಸ್ ಬ್ರೋಸ್ ಇಸಿಜಿ ಯಂತ್ರ ಹೊತ್ತುಕೊಂಡು ಭಾರತಕ್ಕೆ ಬಂದರು. ಕೆಲವರನ್ನು ಪರೀಕ್ಷಿಸಿ, ಹೃದಯದ ಗೆರೆ ಬಹುಮಟ್ಟಿಗೆ ಅಳಿಸಿಹೋದದ್ದನ್ನು ಕಂಡೆನೆಂದು ವರದಿ ಮಾಡಿದರು. ಪ್ರಪಂಚವೆಲ್ಲ ಬೆರಗಾಯಿತು. ಆದರೆ ಆ ಗೆರೆಯನ್ನು ಹೇಗೆ ಓದಬೇಕೆಂಬ ತಕರಾರು ಉಳಿಯಿತು. 1957ರಲ್ಲಿ ಅಮೆರಿಕದಿಂದ ವೆಂಗರ್ ಮತ್ತು ಬಾಗ್ಚಿ ಎಂಬ ಇಬ್ಬರು ವಿಜ್ಞಾನಿಗಳು ಬಂದರು. ದೆಹಲಿಯಲ್ಲಿ ಹೊಸದಾಗಿ ಹುಟ್ಟಿದ್ದ ಏಮ್ಸ್‌ನ ಬಿ.ಕೆ. ಆನಂದ್ ಅವರ ಜೊತೆಗೂಡಿದರು. ಹೃದಯವನ್ನು ನಿಲ್ಲಿಸುತ್ತೇವೆ ಇಲ್ಲವೆ ನಿಧಾನ ಮಾಡುತ್ತೇವೆ ಎಂದ ನಾಲ್ವರು ಅವರಿಗೆ ಸಿಕ್ಕರು. ಅವರಲ್ಲೊಬ್ಬರು ತಿರುಮಲೈ ಕೃಷ್ಣಮಾಚಾರ್ಯರು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದವರು. ಪುಣೆಯ ಕೇಳುಗರಿಗೆ ಹೆಚ್ಚು ಹೇಳಬೇಕಾಗಿಲ್ಲ, ಬಿ.ಕೆ.ಎಸ್. ಅಯ್ಯಂಗಾರರ ಗುರು ಇವರೇ. ಅಷ್ಟು ಹೊತ್ತಿಗೆ ಅವರು ಮದರಾಸಿನಲ್ಲಿ ನೆಲೆಸಿದ್ದರು.

ಪರೀಕ್ಷೆಯಲ್ಲಿ ಕಂಡದ್ದೇನು? ಮೂವರು ಉಸಿರು ಕಟ್ಟಿ, ಹೊಟ್ಟೆ-ಎದೆಯ ಸ್ನಾಯು ಬಿಗಿದರು. ಮಣಿಕಟ್ಟಿನ ನಾಡಿ ಕ್ಷೀಣಿಸಿತು, ಕೆಲವೊಮ್ಮೆ ಇಲ್ಲವೇ ಆಯಿತು. ಸ್ಟೆತಸ್ಕೋಪಿನಲ್ಲೂ ಸದ್ದು ಅಡಗಿತು. ನಾಡಿ ಹಿಡಿದು ಕೂತ ಡಾಕ್ಟರು ಹೃದಯ ನಿಂತಿತೆಂದೇ ಬರೆಯಬೇಕು. ಆದರೆ ಇಸಿಜಿಯ ಗೆರೆ ಬಡಿಯುತ್ತಲೇ ಇತ್ತು. ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ವಾಪಸಾಗುವ ರಕ್ತ ಕಡಿಮೆಯಾಗಿತ್ತು. ಹೃದಯ ಬರಿಗೈಯಲ್ಲಿ ಬಡಿಯುತ್ತಿತ್ತು, ಅಷ್ಟೆ. ನಾಲ್ಕನೆಯವರು ಮಾತ್ರ ಬೇರೆ ರೀತಿಯಲ್ಲಿ ತಮ್ಮ ಬಡಿತವನ್ನು ನಿಜವಾಗಿಯೂ ಬಹಳ ನಿಧಾನ ಮಾಡಿ ತೋರಿಸಿದರು. 1961ರಲ್ಲಿ ಈ ವರದಿ ಪ್ರಕಟವಾಯಿತು. ಇದರಲ್ಲಿ ಯೋಗಿಗಳಿಗೆ ಅವಮಾನವಾಯಿತೆಂದು ನನಗನ್ನಿಸುವುದಿಲ್ಲ. ಬರೀ ಮೈಯಿಂದ ನಾಡಿಯನ್ನು ಅಡಗಿಸುವುದು ಸಾಮಾನ್ಯ ಸಾಧನೆಯೇ? ಅವರು ನಿಲ್ಲಿಸಿದ್ದು ನಾಡಿಯನ್ನು, ಹೃದಯವನ್ನಲ್ಲ. ಅಂದು ಅವರ ಬೆರಳಿಗೆ ಇಂದಿನ ಆಕ್ಸಿಮೀಟರ್ ಕಚ್ಚಿಸಿದ್ದರೆ ಅಂಕಿಯೇ ಮಾಯವಾಗಿರುತ್ತಿತ್ತೇನೋ, ಎದೆಗೆ ಕಟ್ಟುವ ಪಟ್ಟಿಯಾಗಿದ್ದರೆ ಬಡಿತ ತೋರಿಸುತ್ತಲೇ ಇರುತ್ತಿತ್ತು.

ಇದು ಯೋಗಿಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಕಾಯಿಲೆಯೊಂದಿದೆ. ಅದರಲ್ಲಿ ಕೆಲವು ಬಡಿತ ಮಣಿಕಟ್ಟಿಗೆ ತಲುಪುವಷ್ಟು ಬಲವಾಗಿರುವುದಿಲ್ಲ. ಎದೆಯ ಮೇಲೆ ಎಣಿಸಿದರೆ 130, ಕೈಯಲ್ಲಿ ಎಣಿಸಿದರೆ 100 ಸಿಗಬಹುದು. ಹಳೆಯ ಕಾಲದ ಡಾಕ್ಟರುಗಳು ಒಬ್ಬ ನರ್ಸಮ್ಮನಿಗೆ ನಾಡಿ ಹಿಡಿಯಲು ಹೇಳಿ, ತಾವು ಎದೆಗೆ ಸ್ಟೆತಸ್ಕೋಪ್ ಇಟ್ಟು, ಇಬ್ಬರೂ ಒಂದೇ ನಿಮಿಷ ಎಣಿಸಿ ವ್ಯತ್ಯಾಸ ಬರೆದುಕೊಳ್ಳುತ್ತಿದ್ದರು.

ಈಗ ನಮ್ಮ ರೇಡಿಯೋ ಬಳಗಕ್ಕೆ ಸೇರಿದ ಅಧ್ಯಾಯ. ಐಂಟ್‌ಹೋವನ್ ಯಂತ್ರದ ದೊಡ್ಡ ಕೊರತೆ ಏನೆಂದರೆ ಅದು ಕೂತವರ, ಮಲಗಿದವರ ಹೃದಯವನ್ನು ಮಾತ್ರ, ಅದೂ ಕೆಲವು ಕ್ಷಣ ಮಾತ್ರ ನೋಡುತ್ತಿತ್ತು. ಎದೆ ಹೊಡೆದುಕೊಳ್ಳುವುದು ಬಸ್ಸು ಹಿಡಿಯಲು ಓಡುವಾಗ, ಮಲಗಿದ ಮೇಲೆ ನಡುರಾತ್ರಿಯಲ್ಲಿ. ಡಾಕ್ಟರ ಮುಂದೆ ಕೂತಾಗ ಎಲ್ಲವೂ ಸರಿಯಾಗೇ ಇರುತ್ತದೆ. ಕೆಟ್ಟ ಸ್ಕೂಟರು ಮೆಕ್ಯಾನಿಕ್ ಮುಂದೆ ನಿಲ್ಲಿಸಿದಾಗ ಸರಿಯಾಗಿ ಸ್ಟಾರ್ಟ್ ಆಗುತ್ತದಲ್ಲ, ಹಾಗೆ.

ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾ ಎಂಬ ಸಣ್ಣ ಊರಿನ ನಾರ್ಮನ್ ಹೋಲ್ಟರ್ ಇದಕ್ಕೆ ದಾರಿ ಹುಡುಕಿದರು. ಅವರದು ಹಾರ್ಡ್‌ವೇರ್ ವ್ಯಾಪಾರದ ಮನೆತನ. ಓದಿದ್ದು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ. ಡಾಕ್ಟರಲ್ಲ. ಮೊದಲು ಮೆದುಳಿನ ಅಲೆಗಳನ್ನು ರೇಡಿಯೋದಲ್ಲಿ ಕಳಿಸುವ ಹುಚ್ಚು ಹತ್ತಿತು. ಹೃದಯದ ವಿದ್ಯುತ್ತು ಅದಕ್ಕಿಂತ ಎಷ್ಟೋ ಪಟ್ಟು ಬಲವಾದದ್ದು, ಹಿಡಿಯಲು ಸುಲಭವೆಂದು ಆ ಕಡೆ ತಿರುಗಿದರು. 1947ರಲ್ಲಿ 38 ಕಿಲೋ ತೂಕದ ರೇಡಿಯೋ ಪ್ರಸಾರ ಯಂತ್ರವನ್ನು ಸ್ವತಃ ಬೆನ್ನಿಗೆ ಹೊತ್ತು, ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಕೂತರು. ಆ ಫೋಟೋ ಇಂದಿಗೂ ವೈದ್ಯಕೀಯ ಪುಸ್ತಕಗಳಲ್ಲಿ ಇದೆ: ಒಂದು ಅಕ್ಕಿ ಮೂಟೆಗಿಂತ ಭಾರದ ಪೆಟ್ಟಿಗೆ ಹೊತ್ತ ಮನುಷ್ಯ, ತನ್ನ ಎದೆಬಡಿತವನ್ನು ತಾನೇ ಪ್ರಸಾರ ಮಾಡುತ್ತಿದ್ದಾನೆ. ಒಬ್ಬನೇ ಕಲಾವಿದ, ಒಂದೇ ಕಾರ್ಯಕ್ರಮ, ವಿರಾಮವಿಲ್ಲ!

ಟ್ರಾನ್ಸಿಸ್ಟರ್ ಬಂದ ಮೇಲೆ ಪೆಟ್ಟಿಗೆ ಚಿಕ್ಕದಾಯಿತು. ರೇಡಿಯೋ ಬದಲು ಟೇಪ್ ರೆಕಾರ್ಡರ್ ಸೇರಿತು. 1961ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಹೋಲ್ಟರ್ ಇದನ್ನು ಪ್ರಕಟಿಸಿದಾಗ ಗಂಟೆಗಟ್ಟಲೆ ಬಡಿತವನ್ನು ಮನೆಯಲ್ಲೇ, ಆಫೀಸಿನಲ್ಲೇ ರೆಕಾರ್ಡ್ ಮಾಡಬಹುದಾಗಿತ್ತು. ಅಷ್ಟನ್ನೂ ಕೂತು ನೋಡುವವರಾರು? ಅದಕ್ಕೆ ಅವರು ಮಾಡಿದ ಉಪಾಯ ನನಗೆ ಬಹಳ ಇಷ್ಟ. ಟೇಪನ್ನು ಅರವತ್ತು ಪಟ್ಟು ವೇಗದಲ್ಲಿ ಓಡಿಸಿ, ಬಡಿತಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಬೀಳುವಂತೆ ಮಾಡಿದರು, ಜೊತೆಗೆ ಅದನ್ನು ಸದ್ದಾಗಿಯೂ ಕೇಳಿಸಿದರು. ಲಯ ಸರಿಯಿದ್ದರೆ ತಂಬೂರಿಯ ಹಾಗೆ ಒಂದೇ ಗುಂಯ್. ಎಲ್ಲೋ ಬಡಿತ ತಪ್ಪಿದರೆ ಶ್ರುತಿ ತಪ್ಪಿದಂತೆ ಕಿವಿಗೆ ಬೀಳುವುದು. ಕಿವಿಯ ಮೇಲೆ ಇಷ್ಟು ವಿಶ್ವಾಸ ಇಟ್ಟ ಯಂತ್ರ ಆಮೇಲೆ ಬಂದಿದೆಯೋ ಇಲ್ಲವೋ. ಇಂದಿಗೂ ಡಾಕ್ಟರು ಒಂದು ದಿನವೋ ಎರಡು ದಿನವೋ ಎದೆಗೆ ಪುಟ್ಟ ಪೆಟ್ಟಿಗೆ ಕಟ್ಟಿ ಕಳಿಸಿದರೆ ಅದನ್ನು 'ಹೋಲ್ಟರ್ ಹಾಕಿದ್ದಾರೆ' ಎನ್ನುತ್ತೇವೆ. ಹಾಕಿಸಿಕೊಂಡವರಿಗೆ ಅದೊಬ್ಬ ಮನುಷ್ಯನ ಹೆಸರೆಂದು ಗೊತ್ತಿರುವುದಿಲ್ಲ.

ಹೋಲ್ಟರ್ ತಂದ ದೊಡ್ಡ ತಿಳಿವಳಿಕೆಯೆಂದರೆ, ಆರೋಗ್ಯವಂತರ ಹೃದಯವೂ ದಿನವಿಡೀ ಒಂದೇ ಅಂಕಿಯಲ್ಲಿ ಇರುವುದಿಲ್ಲ. ನಿದ್ದೆಯಲ್ಲಿ 50ರ ಆಸುಪಾಸಿಗೆ ಇಳಿಯುತ್ತದೆ, ಯಾರೋ ಬಾಗಿಲು ಬಡಿದರೆ ಏರುತ್ತದೆ, ಆಗೊಂದು ಈಗೊಂದು ಬಡಿತ ಹೆಚ್ಚುವರಿಯಾಗಿ ಬರುತ್ತದೆ. 1969ರ ಜುಲೈಯಲ್ಲಿ ಚಂದ್ರನ ಮೇಲೆ ಇಳಿಯುವ ಗಳಿಗೆಯಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಎದೆಬಡಿತ 150 ಮುಟ್ಟಿದ್ದನ್ನು ಹ್ಯೂಸ್ಟನ್ನಿನಲ್ಲಿ ಕೂತವರು ಪರದೆಯ ಮೇಲೆ ನೋಡಿದರು. ಮಾತಿನಲ್ಲಿ ಒಂದಿಷ್ಟೂ ಗಾಬರಿ ಕಾಣಿಸದ ಮನುಷ್ಯನ ಗುಂಡಿಗೆ ಹಾಗೆ ಓಡುತ್ತಿತ್ತು. ಯಾರೂ ಅವರಿಗೆ ಮಾತ್ರೆ ಬರೆದುಕೊಡಲಿಲ್ಲ.

ಆಸ್ಪತ್ರೆಯಿಂದ ಆಟದ ಬಯಲಿಗೆ ಈ ಅಂಕಿಯನ್ನು ತಂದವರು ಫಿನ್ಲೆಂಡಿನವರು. ಅಲ್ಲಿನ ಹಿಮದಲ್ಲಿ ಸ್ಕೀ ಮಾಡುವವರು ನಾಡಿ ನೋಡಿಕೊಳ್ಳಬೇಕೆಂದರೆ ನಿಲ್ಲಬೇಕು, ದಪ್ಪ ಕೈಗವಸು ತೆಗೆಯಬೇಕು, ಕುತ್ತಿಗೆಗೆ ಬೆರಳಿಡಬೇಕು. ಅಷ್ಟರಲ್ಲಿ ಬಡಿತ ಇಳಿದಿರುತ್ತದೆ. ಔಲು ವಿಶ್ವವಿದ್ಯಾಲಯದ ಪ್ರೊಫೆಸರ್ ಸೆಪ್ಪೊ ಸೈನಯಾಕಾಂಗಸ್ ಇದಕ್ಕಾಗಿ 1977ರಲ್ಲಿ ಪೋಲಾರ್ ಎಂಬ ಕಂಪನಿ ಕಟ್ಟಿ, 1982ರಲ್ಲಿ ಎದೆಗೊಂದು ಪಟ್ಟಿ, ಕೈಗೊಂದು ಗಡಿಯಾರ ಇರುವ, ನಡುವೆ ತಂತಿಯಿಲ್ಲದ ಮಾನಿಟರನ್ನು ಮಾರುಕಟ್ಟೆಗೆ ಬಿಟ್ಟರು. ಎದೆಯ ಪಟ್ಟಿ ಹಿಡಿಯುವುದು ಐಂಟ್‌ಹೋವನ್ ಹಿಡಿದ ಅದೇ ವಿದ್ಯುತ್ತನ್ನು. ಆದ್ದರಿಂದಲೇ ಇಂದಿಗೂ ಓಟಗಾರರು ಸರಿಯಾದ ಲೆಕ್ಕ ಬೇಕಾದರೆ ಪಟ್ಟಿಯನ್ನೇ ಕಟ್ಟುತ್ತಾರೆ.

ಅಂಕಿ ಕೈಗೆ ಬಂದ ಮೇಲೆ ಮುಂದಿನ ಪ್ರಶ್ನೆ: ಎಷ್ಟಿರಬೇಕು? ಜಿಮ್ಮಿನ ಗೋಡೆಯ ಮೇಲೆ, ಟ್ರೆಡ್‌ಮಿಲ್ಲಿನ ಫಲಕದ ಮೇಲೆ ಒಂದು ಲೆಕ್ಕ ನೋಡಿರುತ್ತೀರಿ. 220ರಲ್ಲಿ ನಿಮ್ಮ ವಯಸ್ಸು ಕಳೆಯಿರಿ, ಅದು ನಿಮ್ಮ ಹೃದಯದ ಗರಿಷ್ಠ ಬಡಿತ, ಅದರಾಚೆ ಹೋಗಬೇಡಿ. ವೇದವಾಕ್ಯವೆಂಬಂತೆ ನಡೆಯುತ್ತಿರುವ ಈ ಸೂತ್ರದ ಹುಟ್ಟು ಸ್ವಾರಸ್ಯವಾಗಿದೆ. 1970ರ ಸುಮಾರಿಗೆ ಅಮೆರಿಕದ ಸ್ಯಾಮುವೆಲ್ ಫಾಕ್ಸ್ ಮತ್ತು ವಿಲಿಯಂ ಹ್ಯಾಸ್ಕೆಲ್ ಹೃದ್ರೋಗಿಗಳಿಗೆ ಎಷ್ಟು ವ್ಯಾಯಾಮ ಹೇಳಬೇಕೆಂದು ಯೋಚಿಸುತ್ತಿದ್ದರು. ಆಗ ಪ್ರಕಟವಾಗಿದ್ದ ಹತ್ತು-ಹನ್ನೊಂದು ಅಧ್ಯಯನಗಳ ಅಂಕಿಗಳನ್ನು ಗ್ರಾಫಿನಲ್ಲಿ ಚುಕ್ಕಿಯಿಟ್ಟು ನೋಡಿದರು. ಚುಕ್ಕಿಗಳ ನಡುವೆ ಕಣ್ಣಳತೆಯಲ್ಲಿ ಒಂದು ಗೆರೆ ಎಳೆದರೆ 220ರಿಂದ ವಯಸ್ಸು ಕಳೆದಂತೆ ಕಾಣುತ್ತಿತ್ತು. ಆ ಅಧ್ಯಯನಗಳಲ್ಲಿದ್ದ ಹೆಚ್ಚಿನವರು 55ರ ಒಳಗಿನವರು, ಕೆಲವರು ಬೀಡಿ-ಸಿಗರೇಟಿನವರು, ಕೆಲವರು ಹೃದ್ರೋಗಿಗಳೇ. ಇದು ಎಲ್ಲರಿಗೂ ಅನ್ವಯಿಸುವ ಕಟ್ಟುನಿಟ್ಟಾದ ನಿಯಮವಾಗಲಿ ಎಂದು ನಾವು ಯಾವತ್ತೂ ಬಯಸಿರಲಿಲ್ಲವೆಂದು ಹ್ಯಾಸ್ಕೆಲ್ ಅವರೇ 2001ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಹೇಳಿದರು. ಆದರೆ ಸೂತ್ರ ಸುಲಭ, ಬಾಯಿಲೆಕ್ಕಕ್ಕೆ ಸಿಗುತ್ತದೆ, ಯಂತ್ರದೊಳಗೆ ಹಾಕಲು ಅನುಕೂಲ. ಹಾಗಾಗಿ ಉಳಿಯಿತು.

ಅದೇ 2001ರಲ್ಲಿ ತನಾಕಾ ಎಂಬ ವಿಜ್ಞಾನಿ ಮತ್ತು ಸಂಗಡಿಗರು 351 ಅಧ್ಯಯನಗಳ, 18,712 ಜನರ ಲೆಕ್ಕ ಒಟ್ಟುಮಾಡಿ, 208ರಲ್ಲಿ ವಯಸ್ಸಿನ ಹತ್ತನೇ ಏಳು ಭಾಗ ಕಳೆಯಬೇಕೆಂದು ತೋರಿಸಿದರು. ನಲವತ್ತರ ವಯಸ್ಸಿಗೆ ಎರಡೂ ಸೂತ್ರ 180 ಎನ್ನುತ್ತವೆ. ಆದರೆ 70 ವರ್ಷದವರಿಗೆ ಹಳೆಯದು 150 ಎಂದರೆ ಹೊಸದು 159 ಎನ್ನುತ್ತದೆ. 2010ರಲ್ಲಿ ಶಿಕಾಗೋದ ಮಾರ್ಥಾ ಗುಲಾಟಿ ಮತ್ತು ಸಂಗಡಿಗರು ಹೆಂಗಸರನ್ನೇ, 5,437 ಜನರನ್ನು ಪರೀಕ್ಷಿಸಿ ಮತ್ತೊಂದು ಸೂತ್ರ ಕೊಟ್ಟರು: 206ರಲ್ಲಿ ವಯಸ್ಸಿನ 0.88 ಪಾಲು ಕಳೆಯಿರಿ. ಐವತ್ತು ವರ್ಷದ ಹೆಣ್ಣುಮಗಳಿಗೆ ಹಳೆಯ ಸೂತ್ರ 170 ಎಂದರೆ ಇದು 162 ಎನ್ನುತ್ತದೆ. ಸೂತ್ರ ಯಾವುದಾದರೂ ಅದು ಹೇಳುವುದು ಸರಾಸರಿ. ಒಂದೇ ವಯಸ್ಸಿನ ಇಬ್ಬರ ನಡುವೆ ಹತ್ತು-ಹದಿನೈದು ಬಡಿತದ ಅಂತರ ತೀರಾ ಸಾಮಾನ್ಯ. ಓಡುವ ಹುಡುಗನ ಗಡಿಯಾರ "ನಿನ್ನ ಮಿತಿ ಮೀರಿತು" ಎಂದು ಕೆಂಪಾದಾಗ ಮೀರಿದ್ದು ಅವನ ಹೃದಯದ ಮಿತಿಯೋ ಗ್ರಾಫಿನ ಗೆರೆಯೋ ಎಂದು ಯೋಚಿಸಬೇಕು.

ಇದಕ್ಕಿಂತ ಮೊದಲೇ, 1957ರಲ್ಲಿ, ಫಿನ್ಲೆಂಡಿನ ಮಾರ್ಟ್ಟಿ ಕಾರ್ವೊನೆನ್ ಇನ್ನೂ ಒಳ್ಳೆಯ ದಾರಿ ತೋರಿಸಿದ್ದರು. ಅವರು ಪರೀಕ್ಷಿಸಿದ್ದು ಆರೇ ಆರು ಮಂದಿ ವೈದ್ಯಕೀಯ ವಿದ್ಯಾರ್ಥಿಗಳನ್ನು. ಆದರೆ ಅವರ ಯೋಚನೆಯಲ್ಲಿ ಸಾಂಟೋರಿಯೋನ ಜಾಣತನ ಇದೆ: ವಿಶ್ರಾಂತಿಯಲ್ಲಿ ನಿಮ್ಮದೇ ಬಡಿತ ಎಷ್ಟೆಂಬುದರಿಂದ ಲೆಕ್ಕ ಶುರುಮಾಡಿ. ಗರಿಷ್ಠ 170, ವಿಶ್ರಾಂತಿಯ ಬಡಿತ 70 ಇದ್ದವರಿಗೆ ನಡುವೆ ಇರುವ ಜಾಗ 100. ಅದರಲ್ಲಿ ಶೇಕಡಾ 60ರ ಶ್ರಮವೆಂದರೆ 70ಕ್ಕೆ 60 ಸೇರಿಸಿ 130. ವಿಶ್ರಾಂತಿಯ ಬಡಿತ 50 ಇದ್ದವರಿಗೆ ಅದೇ ಶ್ರಮ 122. ಗರಿಷ್ಠದ ಶೇಕಡಾ 60 ಎಂದು ನೇರ ಲೆಕ್ಕ ಹಾಕಿದರೆ ಇಬ್ಬರಿಗೂ 102 ಬರುತ್ತದೆ. ಅದು ಎಷ್ಟೋ ಮಂದಿಗೆ ಚುರುಕಾಗಿ ನಡೆದರೇ ಬರುವ ಬಡಿತ.

ಹಿರಿಯ ಕೇಳುಗರು ಇಲ್ಲೊಂದು ಮಾತು ನೆನಪಿಡಬೇಕು. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನಾಲಾಲ್ ಎಂಬ ಮದ್ದು ಕಂಡುಹಿಡಿದರು, 1988ರಲ್ಲಿ ನೊಬೆಲ್ ಪಡೆದರು. ಅದರ ತಮ್ಮಂದಿರಾದ ಅಟೆನಲಾಲ್, ಮೆಟೊಪ್ರೊಲಾಲ್ ಮಾತ್ರೆಗಳು ಬಿಪಿ ಇರುವ, ಹೃದಯಾಘಾತ ಆಗಿದ್ದವರ ಎಷ್ಟೋ ಮನೆಗಳಲ್ಲಿ ಇವೆ. ಇವು ಬಡಿತದ ವೇಗವನ್ನೇ ಹಿಡಿದಿಡುತ್ತವೆ. ಇವನ್ನು ನುಂಗುವವರಿಗೆ ಮೇಲಿನ ಯಾವ ಸೂತ್ರವೂ ಅನ್ವಯಿಸದು. ಗಡಿಯಾರ 55 ತೋರಿಸಿತೆಂದು ಹೆದರಿ ತಾವಾಗಿಯೇ ಮಾತ್ರೆ ಬಿಡುವುದು, ಫ್ಲಾಯರ್ ಮಾಡಿದ ಹಾಗೆ ಅಂಕಿಗೆ ಮದ್ದು ಮಾಡಿದಂತೆ. ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು. ತಲೆಸುತ್ತು ಬರುತ್ತಿದ್ದರೆ ಡಾಕ್ಟರನ್ನು ಕೇಳಬೇಕು.

ಇನ್ನು ಬೆಳಕಿನ ಯುಗ. ಚರ್ಮದ ಮೇಲೆ ಬೆಳಕು ಬಿಟ್ಟು, ಒಳಗೆ ರಕ್ತ ಏರಿಳಿಯುವಾಗ ವಾಪಸು ಬರುವ ಬೆಳಕು ಹೆಚ್ಚು-ಕಡಿಮೆಯಾಗುವುದನ್ನು ಅಳೆಯುವ ಉಪಾಯವನ್ನು 1930ರ ದಶಕದಲ್ಲಿ ಅಮೆರಿಕದ ಆಲ್ರಿಕ್ ಹರ್ಟ್ಜ್‌ಮನ್ ಬೆಳೆಸಿದರು. 1974ರಲ್ಲಿ ಜಪಾನಿನ ತಕುವೊ ಅಯೋಯಾಗಿ ಇದೇ ಮಿಡಿತವನ್ನು ಬಳಸಿ ರಕ್ತದ ಆಮ್ಲಜನಕ ಲೆಕ್ಕಹಾಕಿದರು. ನಮ್ಮ ಆಕ್ಸಿಮೀಟರಿನ ಜನಕ ಅವರೇ. ಅವರ ಯಂತ್ರ ಪ್ರಪಂಚದ ಮನೆಮನೆಗೆ ಹೊಕ್ಕ 2020ರ ಏಪ್ರಿಲ್‌ನಲ್ಲೇ ತೀರಿಕೊಂಡರು. ಇಂದಿನ ಗಡಿಯಾರದ ಕೆಳಗೆ ಮಿನುಗುವ ಹಸಿರು ದೀಪದ ಕೆಲಸವೂ ಇದೇ. ಅದಕ್ಕೆ ಹೃದಯ ಕಾಣುವುದಿಲ್ಲ, ವಿದ್ಯುತ್ತೂ ಕಾಣುವುದಿಲ್ಲ, ಕಾಣುವುದು ರಕ್ತದ ಏರಿಳಿತ. ಕೈ ತಣ್ಣಗಿದ್ದರೆ, ಪಟ್ಟಿ ಸಡಿಲವಾಗಿದ್ದರೆ, ಮಣಿಕಟ್ಟಿನ ಮೇಲೆ ಗಾಢ ಹಚ್ಚೆ ಇದ್ದರೆ ಎಡವುತ್ತದೆ. ಓಡುವಾಗ ಇನ್ನೊಂದು ತಮಾಷೆ: ಕೈ ಬೀಸುವ ಲಯವನ್ನೇ ನಾಡಿಯೆಂದು ಭ್ರಮಿಸಿ, ನಿಮಿಷಕ್ಕೆ 165 ಹೆಜ್ಜೆ ಹಾಕುವವರಿಗೆ 165 ಬಡಿತವೆಂದು ತೋರಿಸಿಬಿಡುತ್ತದೆ.

ಹಾಗಾದರೆ ಇದು ಆಟಿಕೆಯೇ? ಅಲ್ಲ. 2019ರಲ್ಲಿ ಪ್ರಕಟವಾದ ಆಪಲ್ ಗಡಿಯಾರದ ಅಧ್ಯಯನದಲ್ಲಿ 4,19,297 ಜನ ಸೇರಿದ್ದರು. ನಾಡಿ ಲಯ ತಪ್ಪಿದೆಯೆಂಬ ಎಚ್ಚರಿಕೆ ಬಂದದ್ದು ಅವರಲ್ಲಿ ಶೇಕಡಾ 0.52 ಮಂದಿಗೆ. ಗಡಿಯಾರ ತಪ್ಪಿದ ಲಯ ಕಂಡ ಹೊತ್ತಿನಲ್ಲೇ ಎದೆಗೆ ಅಂಟಿಸಿದ ಇಸಿಜಿ ಪಟ್ಟಿಯಲ್ಲೂ ನೋಡಿದಾಗ, ನೂರಕ್ಕೆ 84 ಎಚ್ಚರಿಕೆಗಳು ನಿಜವಾಗಿದ್ದವು. ಮೇಲಿನ ಕೋಣೆಗಳು ಅದುರುವ ಆ ಕಾಯಿಲೆಯಲ್ಲಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಆದ್ದರಿಂದ ಅಂಥ ಎಚ್ಚರಿಕೆ ಬಂದರೆ ಉಡಾಫೆ ಬೇಡ, ಇಸಿಜಿ ಮಾಡಿಸಿ. ಎಚ್ಚರಿಕೆ ಬರಲಿಲ್ಲವೆಂದು ಎಲ್ಲ ಸರಿಯಿದೆ ಎಂದೂ ಅಲ್ಲ. ಹೃದಯಾಘಾತವನ್ನು ಈ ದೀಪ ಹಿಡಿಯಲಾರದು. ಹೃದಯದ ರಕ್ತನಾಳ ಕಟ್ಟಿಕೊಂಡು ಎದೆ ಹಿಂಡುತ್ತಿರುವಾಗಲೂ ಬಡಿತ 72ರಲ್ಲೇ ಇರಬಹುದು.

ಸುಮ್ಮನೆ ಕೂತಿರುವಾಗ ಗಡಿಯಾರ 130 ಎಂದಿತೆನ್ನಿ. ಪಟ್ಟಿ ಬಿಗಿಮಾಡಿ, ಐದು ನಿಮಿಷ ಹಾಗೇ ಕೂತಿರಿ. ಎಡಗೈ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡಕ್ಕೆ ಬಲಗೈಯ ಎರಡು ಬೆರಳಿಟ್ಟು, ಗೋಡೆ ಗಡಿಯಾರ ನೋಡುತ್ತ ಪೂರಾ 60 ಸೆಕೆಂಡು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲಯ ತಪ್ಪುವವರ ಲೆಕ್ಕ ಕೆಡುತ್ತದೆ. ಎಣಿಸುವಾಗ ನಮ್ಮ ಹಳೆಯ ಪಂಡಿತರ ಪ್ರಶ್ನೆಯನ್ನೂ ಕೇಳಿಕೊಳ್ಳಿ: ಒಂದೇ ಸಮ ನಡೆಯುತ್ತಿದೆಯೇ, ಕಪ್ಪೆಯ ಹಾಗೆ ಜಿಗಿಯುತ್ತಿದೆಯೇ? ಅಂಕಿ, ಹೊತ್ತು, ಆಗ ಏನು ಮಾಡುತ್ತಿದ್ದಿರಿ, ಯಾವ ಮಾತ್ರೆ ನುಂಗಿದ್ದಿರಿ, ಒಂದು ಚೀಟಿಯಲ್ಲಿ ಬರೆದಿಡಿ. ಸತ್ಯವಾಗಿಯೂ 130 ಇದ್ದು ಇಳಿಯದಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಎದೆನೋವು, ಉಸಿರುಗಟ್ಟುವುದು, ಕಣ್ಣುಕತ್ತಲೆ ಇದ್ದರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿ, ಮನೆಯವರಲ್ಲಿ ಒಬ್ಬರು ಆ ಚೀಟಿಯನ್ನು ಜೇಬಿಗೆ ಹಾಕಿಕೊಳ್ಳಲಿ.